ಮರಳುಗಾಡಿನ ನದಿಯಲ್ಲಿ ಆಗಬೋಟು

ಆಗಬೋಟು ಎಂಬ ಮಾತನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ತಿಳಿಯದು. ನಮ್ಮ ಕರಾವಳಿಯ ಹಿರಿಯರು ಸ್ಟೀಮರಿಗೆ ಹಾಗೆನ್ನುತ್ತಿದ್ದರು. ಬೆಂಕಿಯಿಂದ ನಡೆಯುವ ಬೋಟು, ಆಗಬೋಟು. ನನ್ನ ಅಜ್ಜ ಹೊನ್ನಾವರದಿಂದ ಮುಂಬಯಿಗೆ ಬಂದದ್ದು ಹಾಗೆಯೇ, ಒಂದು ತಗಡಿನ ಟ್ರಂಕು, ಒಂದು ಚೀಲ ಅವಲಕ್ಕಿಯೊಂದಿಗೆ. ಆ ಪ್ರಯಾಣದಲ್ಲಿ ವಾಂತಿ ಮಾಡಿಕೊಂಡ ಕಥೆಯನ್ನು ಅವರು ಸಾಯುವವರೆಗೆ ಹೇಳಿದರು.

ಇವತ್ತು ನಾನು ಹೇಳಹೊರಟಿರುವುದು ಸಮುದ್ರದ ಆಗಬೋಟಿನ ವಿಷಯವಲ್ಲ. ಇದೇ ಮುಂಬಯಿಯಿಂದ ಹೊರಟು ಮರಳುಗಾಡಿನ ನಡುವೆ ಹರಿಯುವ ಒಂದು ನದಿಗೆ ಹೋದ ಆಗಬೋಟುಗಳ ವಿಷಯ. ಆ ನದಿ ಸಿಂಧೂ. ನಮ್ಮ ದೇಶಕ್ಕೆ ಹೆಸರು ಕೊಟ್ಟ ನದಿ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಕೆಳಗಿನ ಭಾಗದಲ್ಲಿ, ಅಂದರೆ ಸಿಂಧ್ ಪ್ರಾಂತದಲ್ಲಿ, ಅದು ಹೇಗಿದೆ ಎಂಬುದನ್ನು ನಮ್ಮಲ್ಲಿ ಕಂಡವರು ಕಡಿಮೆ. ಪೂರ್ವಕ್ಕೆ ಥಾರ್ ಮರುಭೂಮಿ. ಪಶ್ಚಿಮಕ್ಕೆ ಹುಲ್ಲು ಕೂಡ ಸರಿಯಾಗಿ ಬೆಳೆಯದ ಕೀರ್ತರ್ ಬೆಟ್ಟಗಳು. ವರ್ಷವಿಡೀ ಬೀಳುವ ಮಳೆ ಏಳೆಂಟು ಅಂಗುಲ. ನಮ್ಮ ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬಿದ್ದೀತು. ಈ ಒಣನೆಲದ ನಡುವೆ ಹಿಮಾಲಯದ ಹಿಮ ಕರಗಿದ ನೀರು ಸಮುದ್ರದಂತೆ ಅಗಲವಾಗಿ ಹರಿದುಬರುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಜೂನ್ ತಿಂಗಳಲ್ಲಿ ಪ್ರವಾಹ ಏರುತ್ತಿತ್ತು.

ನನಗೆ ಈ ನದಿಯ ಹುಚ್ಚು ಹಿಡಿಸಿದವರು ಚೆಂಬೂರಿನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿದ್ದ ಒಬ್ಬ ಸಿಂಧಿ ಅಜ್ಜಿ. ನಾವೆಲ್ಲ ಅವರನ್ನು ದಾದಿ ಎಂದೇ ಕರೆಯುತ್ತಿದ್ದೆವು. ರೋಹ್ರಿ ಎಂಬ ಊರಿನವರು. 1947ರ ನಂತರ ಎಲ್ಲವನ್ನೂ ಬಿಟ್ಟು ಬಂದವರು. "ನಿಮ್ಮೂರಲ್ಲಿ ನದಿ ಇದೆಯಾ ಬೇಟಾ?" ಎಂದು ಒಮ್ಮೆ ಕೇಳಿದರು. ಶರಾವತಿ ಇದೆ ದಾದಿ, ಎಂದೆ. ಆಚೆ ದಡ ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತದೆ ಎಂದೆ. "ಹಾಗಾದರೆ ಅದು ಹಳ್ಳ" ಎಂದುಬಿಟ್ಟರು. ನನಗೆ ಸಿಟ್ಟು ಬಂತು. ಆದರೆ ಅವರ ಮಟ್ಟಿಗೆ ಸಿಂಧೂ ಎಂದರೆ ದರಿಯಾ ಶಾಹ್. ನದಿಗಳ ರಾಜ. ಆ ಸಿಟ್ಟಿನಲ್ಲೇ ನಾನು ಆ ನದಿಯ ಬಗ್ಗೆ ಓದಲು ತೊಡಗಿದೆ ಎನ್ನಬೇಕು.

1831ರಲ್ಲಿ ಅಲೆಕ್ಸಾಂಡರ್ ಬರ್ನ್ಸ್ ಎಂಬ ಯುವಕ ಅಧಿಕಾರಿ ಆ ನದಿಯಲ್ಲಿ ದೋಣಿಗಳ ಮೇಲೆ ಲಾಹೋರಿಗೆ ಹೋದ. ಇಂಗ್ಲೆಂಡಿನ ದೊರೆ ಮಹಾರಾಜ ರಣಜಿತ್ ಸಿಂಗನಿಗೆ ಕಳಿಸಿದ ಐದು ಭಾರಿ ಗಾಡಿಕುದುರೆಗಳು, ಒಂದು ಸಾರೋಟು ಅವನ ಜೊತೆಗಿದ್ದವು. ಕುದುರೆಗಳನ್ನು ಭೂಮಾರ್ಗದಲ್ಲಿ ನಡೆಸಿಕೊಂಡು ಹೋದರೆ ದಣಿಯುತ್ತವೆ, ನೀರಿನಲ್ಲೇ ಒಯ್ಯುತ್ತೇವೆ ಎಂಬುದು ಹೇಳಿದ ಕಾರಣ. ನದಿಯ ಆಳ ಎಷ್ಟು, ತಿರುವು ಎಲ್ಲಿ, ಹಡಗು ನಡೆದೀತೇ ಎಂದು ಅಳೆದುಕೊಂಡು ಬರುವುದು ನಿಜವಾದ ಕೆಲಸ. ಸಿಂಧನ್ನು ಆಗ ಆಳುತ್ತಿದ್ದವರು ತಾಲ್ಪುರ್ ಮನೆತನದ ಮೀರರು. ಅವರು ಹೂಂ ಎನ್ನಲು ಮನಸ್ಸಿಲ್ಲದೆ ಬಹಳ ದಿನ ತಡೆದರು. ದಡದಲ್ಲಿ ನಿಂತ ಒಬ್ಬ ಸೈಯದ್, ಇಂಗ್ಲಿಷರು ನದಿಯನ್ನು ನೋಡಿಬಿಟ್ಟರು, ಇನ್ನು ಸಿಂಧ್ ಹೋದಂತೆಯೇ ಎಂದು ಮರುಗಿದನಂತೆ. ಇದನ್ನು ಬರೆದಿಟ್ಟವನು ಬರ್ನ್ಸನೇ.

ಮರುವರ್ಷ, 1832ರಲ್ಲಿ, ಹೆನ್ರಿ ಪಾಟಿಂಜರ್ ಮೀರರೊಂದಿಗೆ ಒಪ್ಪಂದ ಮಾಡಿಕೊಂಡ. ನದಿ ವ್ಯಾಪಾರಕ್ಕೆ ತೆರೆಯಿತು. ಆದರೆ ಯುದ್ಧದ ಹಡಗು ಬರಕೂಡದು, ಯುದ್ಧದ ಸಾಮಾನು ಸಾಗಿಸಕೂಡದು, ಇಂಗ್ಲಿಷ್ ವರ್ತಕರು ಅಲ್ಲಿ ಮನೆ ಕಟ್ಟಿಕೊಂಡು ನೆಲಸಕೂಡದು ಎಂದು ಮೀರರು ಮೂರು ಷರತ್ತು ಬರೆಸಿಕೊಂಡರು. ಪಾಪ, ಕಾಗದವನ್ನು ಅವರು ನಂಬಿದರು.

ಇತ್ತ ಮುಂಬಯಿಯಲ್ಲಿ ಆಗ ಹಬೆಯ ಹುಚ್ಚು. ಇಲ್ಲಿನ ಹಡಗುಕಟ್ಟೆಯ ವಾಡಿಯಾ ಮನೆತನದ ತರುಣ ಅರ್ದೇಶಿರ್ ಕರ್ಸೆಟ್‌ಜಿ 1833ರಲ್ಲಿ 'ಇಂಡಸ್' ಎಂಬ 60 ಟನ್ನಿನ ಪುಟ್ಟ ಹಡಗನ್ನು ನೀರಿಗಿಳಿಸಿದರು. ಮುಂದೆ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯರು ಇವರೇ. 1835ರಲ್ಲಿ ಸಿಂಧೂ ನದಿಗೆ ಹೋದ ಮೊದಲ ಸ್ಟೀಮರಿನ ಹೆಸರೂ 'ಇಂಡಸ್'. ಅದರ ಒಡೆಯ ಆಗಾ ಮಹಮ್ಮದ್ ರಹೀಮ್ ಎಂಬ ಮುಂಬಯಿಯ ಇರಾನಿ ವರ್ತಕ. ಸರ್ಕಾರವಲ್ಲ, ಸೈನ್ಯವಲ್ಲ, ನಮ್ಮ ಇದೇ ಊರಿನ ಒಬ್ಬ ಸೇಠ್ ಎಂಬುದನ್ನು ಗಮನಿಸಿ. ಅದನ್ನು ನಡೆಸಲು ಕಂಪನಿ ಸರ್ಕಾರದ ನೌಕಾದಳದಿಂದ ರಜೆ ಪಡೆದು ಬಂದವನು ಜಾನ್ ವುಡ್, 23 ವರ್ಷದ ಸ್ಕಾಟ್ ತರುಣ. 1835ರ ಅಕ್ಟೋಬರ್ 31ರಂದು ಆ ನದಿಯ ಮೇಲೆ ಮೊತ್ತಮೊದಲ ಹೊಗೆ ಎದ್ದಿತು. ಈ ವುಡ್ಡನ ಹೆಸರನ್ನು ನೆನಪಿಟ್ಟುಕೊಳ್ಳಿ, ಕಡೆಗೆ ಅವನು ಮತ್ತೆ ಬರುತ್ತಾನೆ.

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. 1838ರಲ್ಲಿ ಇಂಗ್ಲಿಷರು ಕಾಬೂಲಿನ ಮೇಲೆ ಯುದ್ಧ ಹೂಡಿದರು. ಸೈನ್ಯ ಹೋದದ್ದು ಸಿಂಧಿನ ಮೂಲಕವೇ. ಯುದ್ಧದ ಸಾಮಾನು ಸಾಗಿಸಕೂಡದು ಎಂಬ ಷರತ್ತು ನದಿಯ ನೀರಿನಲ್ಲೇ ಕರಗಿತು. 1839ರ ಫೆಬ್ರವರಿಯಲ್ಲಿ ಕರಾಚಿ ಅವರ ಕೈಸೇರಿತು. ಮುಂಬಯಿ ನೌಕಾದಳದ ಸ್ಟೀಮರುಗಳು ನದಿಯಲ್ಲಿ ಓಡಾಡತೊಡಗಿದವು. ಕಾಮೆಟ್, ಮೀಟಿಯರ್, ಪ್ಲಾನೆಟ್, ಸ್ಯಾಟಲೈಟ್ ಎಂದೆಲ್ಲ ಅವುಗಳ ಹೆಸರು. ಧೂಮಕೇತು, ಉಲ್ಕೆ, ಗ್ರಹ, ಉಪಗ್ರಹ. ಜ್ಯೋತಿಷಿಯ ಮನೆಯಲ್ಲಿ ನಾಮಕರಣ ಮಾಡಿಸಿದ ಹಾಗಿದೆ. ಯೂಫ್ರಟಿಸ್ ನದಿಗೆಂದು ಇಂಗ್ಲೆಂಡಿನಲ್ಲಿ ಕಟ್ಟಿದ್ದ ನಿಮ್ರೋಡ್ ಮುಂತಾದ ಕಬ್ಬಿಣದ ಹಡಗುಗಳೂ ಒಂದು ಮರಳುಗಾಡಿನ ನದಿಯಿಂದ ಇನ್ನೊಂದು ಮರಳುಗಾಡಿನ ನದಿಗೆ ವರ್ಗವಾಗಿ ಬಂದವು.

ಸ್ಟೀಮರು ಬಂತು ಸರಿ. ಅದರ ಹೊಟ್ಟೆಗೇನು? ಕಲ್ಲಿದ್ದಲು ಇಂಗ್ಲೆಂಡಿನಿಂದ ಬರಬೇಕು, ತುಂಬ ದುಬಾರಿ. ಹಾಗಾಗಿ ಸೌದೆ. ಮರಳುಗಾಡಿನಲ್ಲಿ ಸೌದೆ ಎಲ್ಲಿಯದು ಎಂದು ನೀವು ಕೇಳಬಹುದು. ನದಿಯ ಎರಡೂ ದಡದಲ್ಲಿ ನೆರೆನೀರು ಕುಡಿದು ಬೆಳೆದ ದಟ್ಟ ಕಾಡುಗಳಿದ್ದವು. ಕರಿಜಾಲಿ, ಝಾವು ಮರಗಳ ಕಾಡು. ಅವು ಮೀರರ ಶಿಕಾರ್‌ಗಾಹ್‌ಗಳು, ಅಂದರೆ ಬೇಟೆಯ ಕಾಡುಗಳು. ಮೀರರಿಗೆ ಬೇಟೆ ಎಂದರೆ ಪ್ರಾಣ. ಆ ಕಾಡಿಗೆ ಬೇರೆಯವರು ಕಾಲಿಡುವಂತಿರಲಿಲ್ಲ. ರೈತರ ಹೊಲಗಳನ್ನು ಕಾಡಿಗೆ ಸೇರಿಸಿಕೊಂಡ ದೂರುಗಳೂ ಅವರ ಮೇಲಿದ್ದವು. ಅವರೇನು ಸಾಧುಗಳಾಗಿರಲಿಲ್ಲ.

1842ರ ಕೊನೆಗೆ ಗವರ್ನರ್ ಜನರಲ್ ಎಲೆನ್‌ಬರೋ ಹೊಸ ಒಪ್ಪಂದವೊಂದನ್ನು ಮೀರರ ಮುಂದಿಟ್ಟ. ಅದನ್ನು ತಂದವನು ಸೇನಾಪತಿ ಚಾರ್ಲ್ಸ್ ನೇಪಿಯರ್. ಅದರಲ್ಲಿ ಊರುಗಳನ್ನು ಬಿಟ್ಟುಕೊಡಬೇಕು ಎಂದಿತ್ತು, ನಾಣ್ಯದ ಒಂದು ಮುಖದ ಮೇಲೆ ಇಂಗ್ಲೆಂಡಿನ ರಾಣಿಯ ಮುದ್ರೆ ಇರಬೇಕು ಎಂದಿತ್ತು. ಇವುಗಳ ಜೊತೆಗೆ ಇನ್ನೊಂದು ಕಲಮು. ನದಿಯ ಎರಡೂ ದಡದಲ್ಲಿ 100 ಗಜದೊಳಗೆ ಇರುವ ಮರಗಳನ್ನು ಸ್ಟೀಮರುಗಳ ಸೌದೆಗಾಗಿ ಕಡಿದುಕೊಳ್ಳುವ ಹಕ್ಕು ಇಂಗ್ಲಿಷರಿಗೆ ಇರಬೇಕು!

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ರಾಜ್ಯಗಳು ಹೆಣ್ಣಿಗಾಗಿ, ಹೊನ್ನಿಗಾಗಿ, ಮಣ್ಣಿಗಾಗಿ ಬಿದ್ದವು ಎಂದು ಕೇಳಿದ್ದೇವೆ. ಒಲೆಯ ಸೌದೆಯೂ ಆ ಪಟ್ಟಿಯಲ್ಲಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸೌದೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾಬೂಲಿನಲ್ಲಿ ಆದ ಅವಮಾನವನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಿತ್ತು, ನೇಪಿಯರನಿಗೆ ಹೆಸರು ಬೇಕಿತ್ತು. ಆದರೂ ನದಿ ಬೇಕೆಂದಮೇಲೆ ಸ್ಟೀಮರು ಬೇಕು, ಸ್ಟೀಮರಿಗೆ ದಡದ ಕಾಡು ಬೇಕು, ಕಾಡು ಸಿಕ್ಕಮೇಲೆ ದೇಶ ಬಿಟ್ಟೀತೇ?

1843ರ ಫೆಬ್ರವರಿ 15ರಂದು ಸಿಂಧಿನ ಹೈದರಾಬಾದಿನಲ್ಲಿ ಬಲೂಚಿ ಸೈನಿಕರು ಇಂಗ್ಲಿಷ್ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದರು. ಅದು ನದಿಯ ದಡದಲ್ಲೇ ಇತ್ತು. ಒಳಗಿದ್ದ ಜೇಮ್ಸ್ ಔಟ್ರಮ್ ಕೆಲವು ಗಂಟೆ ಕಾದಾಡಿ, ಪ್ಲಾನೆಟ್ ಮತ್ತು ಸ್ಯಾಟಲೈಟ್ ಎಂಬ ಆ ಎರಡು ಸ್ಟೀಮರುಗಳನ್ನು ಹತ್ತಿ ಪಾರಾದ. ಎರಡು ದಿನದ ನಂತರ ಮಿಯಾನಿಯ ಯುದ್ಧ. ಮೀರರು ಸೋತರು. ಅವರನ್ನು ಸೆರೆಯಾಳುಗಳಾಗಿ ಮುಂಬಯಿಗೆ, ಆಮೇಲೆ ಪುಣೆಯ ಕಡೆಗೆ, ಕೊನೆಗೆ ಕಲ್ಕತ್ತೆಗೆ ಒಯ್ದರು. ಪುಣೆಯಲ್ಲಿ ಈ ಮಾತು ಕೇಳುತ್ತಿರುವವರಿಗೆ ಇದೂ ನಿಮ್ಮೂರಿನ ಇತಿಹಾಸವೇ.

1847ರಲ್ಲಿ ಸಿಂಧನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1936ರವರೆಗೆ ಹಾಗೆಯೇ ಇತ್ತು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆಗ ಇದೇ ಪ್ರಾಂತದಲ್ಲಿದ್ದವು. ಮುಂದೆ 1862ರಲ್ಲಿ ಉತ್ತರ ಕನ್ನಡವೂ ಸೇರಿತು. ಧಾರವಾಡದ ಕಲೆಕ್ಟರನಿಗೂ ಕರಾಚಿಯ ಕಲೆಕ್ಟರನಿಗೂ ಮೇಲೆ ಒಬ್ಬನೇ ಗವರ್ನರ್. ಇಲ್ಲಿಯ ಹುಡುಗರೂ ಅಲ್ಲಿಯ ಹುಡುಗರೂ ಒಂದೇ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಕೂತರು. ಈ ಮಾತನ್ನು ದಾದಿಗೆ ಹೇಳಿದಾಗ "ಹಾಗಾದರೆ ನೀನು ನಮ್ಮವನೇ" ಎಂದು ಒಂದು ತಟ್ಟೆ ದಾಲ್ ಪಕ್ವಾನ್ ಕೊಟ್ಟರು. ಶರಾವತಿಯ ಅವಮಾನವನ್ನು ನಾನು ಅವತ್ತು ಮರೆತೆ.

ಸರಿ, ದೇಶ ಕೈಗೆ ಬಂತು, ಕಾಡೂ ಬಂತು. ನದಿ ಮಾತ್ರ ಬರಲಿಲ್ಲ.

ಸಿಂಧೂ ನದಿ ಹೊತ್ತು ತರುವ ಮಣ್ಣು ಅಷ್ಟಿಷ್ಟಲ್ಲ. ಆ ಮಣ್ಣನ್ನು ಹಾಸಿ ಹಾಸಿ ತನ್ನ ಪಾತ್ರವನ್ನೇ ಸುತ್ತಲಿನ ನೆಲಕ್ಕಿಂತ ಎತ್ತರ ಮಾಡಿಕೊಂಡಿದೆ. ಪ್ರತಿ ವರ್ಷ ನೆರೆ ಇಳಿದಾಗ ಹೊಸ ದಿಬ್ಬ, ಹೊಸ ಕವಲು. ಹೋದ ವರ್ಷ ಹಡಗು ನಡೆದ ಜಾಗದಲ್ಲಿ ಈ ವರ್ಷ ಎಮ್ಮೆ ಮೇಯುತ್ತಿರುತ್ತದೆ. ಕಾಗದದ ಮೇಲೆ ಬರೆದ ನಕ್ಷೆ ಒಂದು ಮಳೆಗಾಲಕ್ಕೆ ಹಳತಾಗುತ್ತಿತ್ತು. ಮಳೆಯೇ ಇಲ್ಲದ ಊರಿನ ಮಳೆಗಾಲ ಎನ್ನಿ! ಬೇಸಗೆಯಲ್ಲಿ ಸೆಳೆತ ಎಷ್ಟೆಂದರೆ ಎಂಜಿನ್ ಪೂರ್ತಿ ಶಕ್ತಿ ಹಾಕಿದರೂ ಕೆಲವು ತಿರುವುಗಳಲ್ಲಿ ಹಡಗು ನಿಂತಲ್ಲೇ ನಿಲ್ಲುತ್ತಿತ್ತು. ಚಳಿಗಾಲದಲ್ಲಿ ನೀರು ಇಳಿದು ತಳ ಮರಳಿಗೆ ಕಚ್ಚುತ್ತಿತ್ತು. ಆಗ ಎಲ್ಲರೂ ನೀರಿಗಿಳಿದು ತಳ್ಳಬೇಕು. ಬಾಯ್ಲರಿಗೆ ಹಾಕುವುದೂ ಅದೇ ಕೆಸರು ನೀರು. ರಾತ್ರಿ ಹಡಗು ನಡೆಸುವ ಮಾತೇ ಇಲ್ಲ, ಸಂಜೆಯಾದರೆ ದಡಕ್ಕೆ ಕಟ್ಟಬೇಕು, ಸೌದೆ ತುಂಬಬೇಕು. ಆ ಸೌದೆಯೇ ಅರ್ಧ ಹಡಗನ್ನು ನುಂಗುತ್ತಿತ್ತು.

ದಾರಿ ತೋರಿಸಲು ಮೊಹಾಣಾ ಜನ ಬೇಕಾಯಿತು. ಇವರು ತಲೆತಲಾಂತರದಿಂದ ಆ ನದಿಯಲ್ಲೇ, ದೋಣಿಯಲ್ಲೇ ಹುಟ್ಟಿ ಬೆಳೆದವರು, ನಮ್ಮ ಅಂಬಿಗರ ಹಾಗೆ. ನೀರಿನ ಬಣ್ಣ ನೋಡಿ, ಮೇಲಿನ ಸುಕ್ಕು ನೋಡಿ ಆಳ ಹೇಳುವವರು. ಪಲ್ಲಾ ಎಂಬ ಮೀನು ಸಮುದ್ರದಿಂದ ನದಿಗೆ ಏರಿಬರುವ ಕಾಲದಲ್ಲಿ ಇವರು ದೊಡ್ಡ ಮಣ್ಣಿನ ಮಡಕೆಯ ಬಾಯಿಗೆ ಹೊಟ್ಟೆ ಕೊಟ್ಟು, ಅದರ ಮೇಲೆ ಬೋರಲು ಮಲಗಿ ನಡುನೀರಿನಲ್ಲಿ ತೇಲುತ್ತಾ ಮೀನು ಹಿಡಿಯುತ್ತಿದ್ದರು. ಹಿಡಿದ ಮೀನು ಅದೇ ಮಡಕೆಯೊಳಕ್ಕೆ. ಪಕ್ಕದಲ್ಲಿ ಇಂಗ್ಲೆಂಡಿನ ಕಬ್ಬಿಣದ ಹಡಗು ಮರಳಿಗೆ ಸಿಕ್ಕಿಕೊಂಡು ಹೊಗೆ ಉಗುಳುತ್ತಿದೆ, ಈಚೆಗೆ ಮಡಕೆಯ ಮೇಲೆ ಮಲಗಿದವನು ಸುಮ್ಮನೆ ತೇಲಿಹೋಗುತ್ತಿದ್ದಾನೆ. ಚಿತ್ರ ಬರೆಯಲು ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಿದ್ದೆ.

ಇನ್ನೊಂದು ತೊಡಕು ನದೀಮುಖದ್ದು. ನದಿ ಸಮುದ್ರ ಸೇರುವಲ್ಲಿ ಹತ್ತಾರು ಕವಲು, ಎಲ್ಲವೂ ಆಳವಿಲ್ಲದವು. ಸಮುದ್ರದ ಹಡಗು ಒಳಗೆ ಬರಲಾರದು, ನದಿಯ ಹಡಗು ಹೊರಗೆ ಹೋದರೆ ಉಳಿಯದು. ಅದಕ್ಕೇ ಬಂದರು ಕರಾಚಿಯಲ್ಲಾಯಿತು. ಕರಾಚಿಯಿಂದ ನದಿಯ ದಡದ ಕೋಟ್ರಿಯವರೆಗೆ 108 ಮೈಲಿ ರೈಲು ಹಾಕಿದರೆ ಆ ಕವಲುಗಳ ಕಾಟ ತಪ್ಪುತ್ತದೆ ಎಂದು ಯೋಚಿಸಿದರು. 1858ರ ಏಪ್ರಿಲ್ 29ರಂದು ಅದರ ಮೊದಲ ಗುದ್ದಲಿ ಹಾಕಿದವನು ಸಿಂಧಿನ ಕಮಿಷನರ್ ಬಾರ್ಟಲ್ ಫ್ರೀಯರ್. ಮುಂದೆ ಇವನೇ ಮುಂಬಯಿಯ ಗವರ್ನರ್ ಆಗಿ ಇಲ್ಲಿನ ಕೋಟೆಯ ಗೋಡೆ ಕೆಡವಿಸಿದ. ನಾವು ದಿನಾ ಹಾದುಹೋಗುವ ಫ್ಲೋರಾ ಫೌಂಟನ್‌ಗೆ ಮೊದಲು ಇಡಬೇಕೆಂದಿದ್ದುದು ಇವನ ಹೆಸರನ್ನೇ. ರೈಲು 1861ರ ಮೇ 13ರಂದು ಓಡಿತು. ಕೋಟ್ರಿಯಲ್ಲಿ ರೈಲಿನಿಂದ ಇಳಿಸಿದ ಸರಕು ಸ್ಟೀಮರಿಗೆ, ಅಲ್ಲಿಂದ ಸುಮಾರು 570 ಮೈಲಿ ನೀರಿನಲ್ಲಿ ಮುಲ್ತಾನಿಗೆ, ಮುಲ್ತಾನಿನಿಂದ ಮತ್ತೆ ರೈಲಿನಲ್ಲಿ ಲಾಹೋರ್, ಅಮೃತಸರಕ್ಕೆ. ಇದು ಅವರ ಲೆಕ್ಕಾಚಾರ. ನಡುವಿನ ನೀರು ಈ ಲೆಕ್ಕಕ್ಕೆ ಸಿಗಲಿಲ್ಲ. ಮೇಲಕ್ಕೆ ಹೋಗಲು ವಾರಗಟ್ಟಲೆ ಬೇಕಾಗುತ್ತಿತ್ತು.

ಆ ಕಾಲ ಹತ್ತಿಯ ಕಾಲವೂ ಹೌದು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಧಾರವಾಡ, ಹುಬ್ಬಳ್ಳಿಯ ಹತ್ತಿ ಕುಮಟೆ ಬಂದರಿನಿಂದ ಮುಂಬಯಿಗೆ ಹೋಗಿ ರೈತರು ಕಂಡರಿಯದ ದುಡ್ಡು ಕಂಡರು. ಅದೇ ಆಸೆಯಿಂದ ಪಂಜಾಬಿನ ಹತ್ತಿಯೂ ಸಿಂಧೂ ನದಿಯಲ್ಲಿ ಇಳಿದು ಬಂತು. ಬಹಳಷ್ಟು ಬಂದದ್ದು ಸ್ಟೀಮರಿನಲ್ಲಲ್ಲ, ಊರಿನ ನಾಡದೋಣಿಗಳಲ್ಲಿ.

ಈಗ ಜಾನ್ ವುಡ್. 1835ರಲ್ಲಿ ಮೊದಲ ಸ್ಟೀಮರು ನಡೆಸಿದವನು ಬರ್ನ್ಸನ ಜೊತೆ ಕಾಬೂಲಿಗೆ ಹೋದ. ಅಲ್ಲಿಂದ 1838ರ ಕಡುಚಳಿಯಲ್ಲಿ ಪಾಮೀರ್ ಹತ್ತಿ ಆಕ್ಸಸ್ ನದಿಯ ಮೂಲವೆಂದು ಒಂದು ಹೆಪ್ಪುಗಟ್ಟಿದ ಸರೋವರವನ್ನು ಕಂಡುಬಂದ. ಲಂಡನ್ನಿನ ಭೂಗೋಳ ಸಂಘದ ಚಿನ್ನದ ಪದಕ ಸಿಕ್ಕಿತು. ಬರ್ನ್ಸ್ 1841ರಲ್ಲಿ ಕಾಬೂಲಿನಲ್ಲಿ ಕೊಲೆಯಾದ. ವುಡ್ ಕೆಲಸ ಬಿಟ್ಟು ದೂರ ಹೋದ. ಆದರೆ ಸಿಂಧೂ ಅವನನ್ನು ಬಿಡಲಿಲ್ಲ. ಓರಿಯೆಂಟಲ್ ಇನ್‌ಲ್ಯಾಂಡ್ ಎಂಬ ಸ್ಟೀಮರು ಕಂಪನಿಯ ಮ್ಯಾನೇಜರ್ ಆಗಿ ಮತ್ತೆ ಬಂದ. ಆ ಕಂಪನಿಯ ಹಡಗುಗಳು ನದಿಗೆ ಹೊಂದಲಿಲ್ಲ, ಕಂಪನಿ ನಷ್ಟದಲ್ಲಿ ಮುಳುಗಿತು. ಆಮೇಲೆ ರೈಲ್ವೆಗೆ ಸೇರಿದ ಇಂಡಸ್ ಸ್ಟೀಮ್ ಫ್ಲೊಟಿಲ್ಲಾದ ಮುಖ್ಯಸ್ಥನಾದ. ಅದೇ ಕೆಲಸದಲ್ಲಿರುವಾಗ 1871ರಲ್ಲಿ ಸಿಂಧಿನಲ್ಲೇ ತೀರಿಕೊಂಡ. 23ನೇ ವಯಸ್ಸಿನಲ್ಲಿ ಹೊಗೆಯೆಬ್ಬಿಸಿ ಬಂದ ನದಿಯ ಬಳಿಯೇ 59ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದ. ಒಂದು ಸ್ಟೀಮರು ಅಂದುಕೊಂಡ ದಿನಕ್ಕೆ ಮುಲ್ತಾನ್ ತಲುಪುವುದನ್ನು ಈ ಮನುಷ್ಯ ಎಷ್ಟು ಸಲ ಕಂಡಿದ್ದಾನು ಎಂದು ನಾನು ಯೋಚಿಸುತ್ತೇನೆ.

ಮುಂದಿನದು ಬೇಗ ಮುಗಿಯುತ್ತದೆ. 1878ರಲ್ಲಿ ಕೋಟ್ರಿಯಿಂದ ಮುಲ್ತಾನಿಗೆ ನದಿಯ ಪಕ್ಕದಲ್ಲೇ ರೈಲು ಬಂತು. ಎರಡು ಊರುಗಳ ನಡುವೆ ಸ್ಟೀಮರಿಗೆ ಕೆಲಸವಿಲ್ಲವಾಯಿತು. ಸಕ್ಕರ್ ಮತ್ತು ರೋಹ್ರಿಗಳ ನಡುವೆ ಮಾತ್ರ ನದಿ ದಾಟಬೇಕಿತ್ತು. ರೈಲಿನ ಡಬ್ಬಿಗಳನ್ನು ಕೆಲಕೆಲವಾಗಿ ಹಬೆದೋಣಿಯ ಮೇಲೆ ಹತ್ತಿಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಇಡೀ ನದಿಯನ್ನು ಆಳಲು ಬಂದ ಆಗಬೋಟು ಕಡೆಗೆ ದಡದಿಂದ ದಡಕ್ಕೆ ರೈಲನ್ನು ಹೊರುವ ಕೂಲಿಯಾಯಿತು. 1889ರ ಮಾರ್ಚ್‌ನಲ್ಲಿ ಲಾನ್ಸ್‌ಡೌನ್ ಸೇತುವೆ ತೆರೆಯಿತು. ನಡುವೆ ಒಂದೂ ಕಂಬವಿಲ್ಲದ 790 ಅಡಿಯ ಅಂಕಣ. ಆ ಕೂಲಿಯೂ ಹೋಯಿತು. ಮಿಯಾನಿಯ ಯುದ್ಧದಿಂದ ಲೆಕ್ಕ ಹಾಕಿದರೆ 46 ವರ್ಷ. ಹೆದ್ದಾರಿಯಾಗುತ್ತದೆಂದು ಯಾವ ನದಿಗಾಗಿ ಒಂದು ರಾಜ್ಯವನ್ನು ನುಂಗಿದರೋ, ಆ ಹೆದ್ದಾರಿಯೇ ಬೇಡವಾಯಿತು. ರಾಜ್ಯವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಆಮೇಲೆ ಆ ನೀರನ್ನು ಹೊಲಕ್ಕೆ ತಿರುಗಿಸಿದರು. 1932ರಲ್ಲಿ ಸಕ್ಕರಿನಲ್ಲಿ, 1955ರಲ್ಲಿ ಕೋಟ್ರಿಯಲ್ಲಿ ಬ್ಯಾರೇಜುಗಳು ಎದ್ದವು. ಮರಳುಗಾಡಿನಲ್ಲಿ ಗೋಧಿ, ಭತ್ತ, ಹತ್ತಿ ಬೆಳೆಯಿತು. ಪಲ್ಲಾ ಮೀನಿಗೆ ಸಕ್ಕರಿನ ದಾರಿ ಮುಚ್ಚಿತು. ಕೋಟ್ರಿಯ ಕೆಳಗೆ ಈಗ ವರ್ಷದ ಬಹುಪಾಲು ನೀರೇ ಹೆಚ್ಚಿಲ್ಲ, ಸಮುದ್ರವೇ ಒಳಕ್ಕೆ ಬರುತ್ತಿದೆ.

ದಾದಿ ತೀರಿಕೊಂಡು ಕೆಲವು ವರ್ಷವಾಯಿತು. ಈ ಕಥೆಯನ್ನೆಲ್ಲ ನಾನು ಅವರಿಗೆ ಒಮ್ಮೆ ಹೇಳಿದ್ದೆ. ಅವರು ಪಲ್ಲಾ ಮೀನಿನ ಮಾತು ಬಂದಾಗ ಮಾತ್ರ ಕಣ್ಣರಳಿಸಿದರು. ಮುಂಬಯಿಯ ಮಾರುಕಟ್ಟೆಯಲ್ಲಿ ಸಿಗುವ ಹಿಲ್ಸಾ ಅದೇ ಮೀನು ಎಂದರೂ ಒಪ್ಪುತ್ತಿರಲಿಲ್ಲ. ಅವರ ತಂದೆಗೆ ರೋಹ್ರಿಯಲ್ಲಿ ಧಾನ್ಯದ ವ್ಯಾಪಾರವಿತ್ತಂತೆ. ಮಾಲು ಹೇಗೆ ಹೋಗುತ್ತಿತ್ತು ದಾದಿ, ಆಗಬೋಟಿನಲ್ಲೋ ಎಂದು ಕೇಳಿದೆ.

"ಎಂಥ ಆಗಬೋಟು?" ಎಂದರು. "ಆ ದೊಡ್ಡ ಸೇತುವೆಯ ಕೆಳಗೆ ಮೊಹಾಣಾಗಳ ದೋಣಿ ಸಾಲಾಗಿ ನಿಂತಿರುತ್ತಿತ್ತು. ಅಪ್ಪ ಗೋಧಿ ಅದರಲ್ಲೇ ಕಳಿಸುತ್ತಿದ್ದರು. ಮೇಲೆ ರೈಲು ಹೋದರೆ ದೋಣಿಯಲ್ಲಿ ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು."